ಸ್ನೋಮೊಬೈಲ್‌ಗೆ ಹೊಸ ಪೈಪ್: ಒಡೆದ ಪೈಪಿನಿಂದ ಶುರುವಾದ ಒಂದು ಪ್ರಕರಣ

ಗಾಡಿ ಎರಡು ಸಿಲಿಂಡರಿನ 800 ಸಿಸಿ ಟೂ-ಸ್ಟ್ರೋಕ್ ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡುವ ಗಾಡಿ. ಲಿಕ್ವಿಡ್ ಕೂಲಿಂಗ್, ಫ್ಯೂಯೆಲ್ ಇಂಜೆಕ್ಷನ್, ಚಕ್ರದ ಬದಲು 137 ಇಂಚಿನ ಟ್ರ್ಯಾಕ್ ಎಂಬ ರಬ್ಬರ್ ಪಟ್ಟಿ. ಗೆಳೆಯರೊಬ್ಬರು ಸೆಕೆಂಡ್ ಹ್ಯಾಂಡ್ ಕೊಂಡದ್ದು. ಅವರ ಓಡಾಟ ಬಹುಪಾಲು ಟ್ರೇಲ್ ಮೇಲೆ, ಅಂದರೆ ಸ್ನೋಮೊಬೈಲಿಗೆಂದೇ ಇರುವ ಹಿಮದ ದಾರಿಗಳ ಮೇಲೆ. ಚಳಿಗಾಲದಲ್ಲಿ ಒಂದೆರಡು ಸಲ ಮಾತ್ರ ಎತ್ತರದ ಬೆಟ್ಟಕ್ಕೆ, ಆಳ ಹಿಮಕ್ಕೆ. ಸೀಸನ್ನಿನ ನಡುವೆ ಗಾಡಿಯ ಸದ್ದು ಬದಲಾಯಿತು. ಹುಡ್ ಕೆಳಗಿಂದ ಸುಟ್ಟ ಎಣ್ಣೆಯ ವಾಸನೆ ಬರತೊಡಗಿತು. ಫುಲ್ ಥ್ರಾಟಲ್ ಕೊಟ್ಟರೆ 8000 ಮುಟ್ಟುತ್ತಿದ್ದ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಹಾಕುವ ಸುತ್ತು) ಕೆಲವು ನೂರು ಕೆಳಗೇ ನಿಂತುಬಿಡುತ್ತಿತ್ತು. ಸೈಡ್ ಪ್ಯಾನೆಲ್ ತೆಗೆದು ನೋಡಿದರೆ ಹೊಗೆ ಹೊರಹೋಗುವ ಎಕ್ಸಾಸ್ಟ್ ಪೈಪಿನಲ್ಲಿ ಬಿರುಕು. ಬ್ರಾಕೆಟ್ ವೆಲ್ಡ್ ಮಾಡಿದ ಜಾಗದಿಂದ ಹೊರಟು ಪೈಪಿನ ಹೊಟ್ಟೆಯ ಕಡೆ ಹಬ್ಬಿತ್ತು. ಸುತ್ತ ಕಪ್ಪು ಮಸಿ.

"ಹೇಗೂ ಪೈಪ್ ಹೋಯ್ತು. ಮತ್ತೆ ಅದೇ ಕಂಪನಿಯದ್ದು ಯಾಕೆ? ಪವರ್ ಜಾಸ್ತಿ ಕೊಡೋದನ್ನೇ ಹಾಕಿದ್ರೆ ಆಯ್ತಲ್ವಾ?" ಅಂತ ಅವರ ಲೆಕ್ಕ. ಲೆಕ್ಕದಲ್ಲಿ ತಪ್ಪೇನಿಲ್ಲ. ಅವರ ಮುಂದೆ ನಾಲ್ಕು ದಾರಿ ಇದ್ದವು. ಕಂಪನಿಯದೇ ಹೊಸ ಪೈಪ್. ಬಿರುಕಿಗೆ ವೆಲ್ಡ್ ಹಾಕಿಸಿ, ಜೊತೆಗೆ ಹಗುರವಾದ ಹೊಸ ಕ್ಯಾನ್, ಅಂದರೆ ಪೈಪಿನ ತುದಿಯ ಸೈಲೆನ್ಸರ್. ಹೊರಗಿನ ತಯಾರಕರ ಸಿಂಗಲ್ ಪೈಪ್. ಕೊನೆಯದು, ಯಾರೋ ಬಿಚ್ಚಿ ಮಾರಲು ಇಟ್ಟಿದ್ದ ಟ್ವಿನ್ ಪೈಪ್ ಸೆಟ್. ಅವರ ಕಣ್ಣು ಇದ್ದದ್ದು ಈ ನಾಲ್ಕನೆಯದರ ಮೇಲೆ. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಯಾವುದನ್ನು ನಂಬಬಹುದು?

ಮೊದಲು ಹಳೇ ಪೈಪ್

ಹೊಸ ಪೈಪಿನ ಮಾತಿಗೆ ಮುಂಚೆ ಹಳೆಯದು ಯಾಕೆ ಒಡೆಯಿತು ಅಂತ ನೋಡಬೇಕಿತ್ತು. ಸ್ನೋಮೊಬೈಲ್ ಪೈಪನ್ನು ಇಂಜಿನ್ನಿಗೆ ಬೋಲ್ಟ್ ಹಾಕಿ ಬಿಗಿಯುವುದಿಲ್ಲ. ಸಿಲಿಂಡರುಗಳಿಂದ ಹೊರಡುವ ವೈ-ಪೈಪಿನ ತುದಿ ಗುಂಡಗಿರುತ್ತದೆ. ಅದರ ಮೇಲೆ ಪೈಪಿನ ಬಾಯಿ ಕೂರುತ್ತದೆ, ಸುತ್ತ ಸ್ಪ್ರಿಂಗುಗಳು ಎಳೆದು ಹಿಡಿಯುತ್ತವೆ. ಇನ್ನೊಂದು ಕಡೆ ರಬ್ಬರ್ ಮೌಂಟ್ ಇಟ್ಟು ಚಾಸಿಗೆ ತೂಗುಹಾಕಿರುತ್ತಾರೆ. ಇಂಜಿನ್ ಅದುರುತ್ತದೆ, ಪೈಪ್ ಬಿಸಿಯಾಗಿ ಉದ್ದವಾಗುತ್ತದೆ, ಚಾಸಿ ಗುಂಡಿ ಹಾರುವಾಗ ತಿರುಚುತ್ತದೆ. ಈ ಮೂರು ಅಲುಗಾಟಕ್ಕೂ ಜಾಗ ಕೊಡಲೆಂದೇ ಸ್ಪ್ರಿಂಗು, ರಬ್ಬರು.

ಇಲ್ಲಿ ಒಂದು ಸ್ಪ್ರಿಂಗ್ ಇರಲೇ ಇಲ್ಲ. ಪಕ್ಕದ ಕೊಕ್ಕೆ ಸವೆದು ಅರ್ಧವಾಗಿತ್ತು. ರಬ್ಬರ್ ಮೌಂಟ್ ಎಣ್ಣೆ ಕುಡಿದು ಮೆತ್ತಗಾಗಿ ಹರಿದಿತ್ತು, ಹಾಗಾಗಿ ಬ್ರಾಕೆಟ್ಟಿನ ಲೋಹ ಚಾಸಿಯ ಲೋಹಕ್ಕೇ ತಾಗುತ್ತಿತ್ತು. ಇದಕ್ಕಿಂತ ಮುಖ್ಯವಾದದ್ದು ಇಂಜಿನ್ನಿನ ಟಾರ್ಕ್ ಸ್ಟಾಪ್. ಥ್ರಾಟಲ್ ಕೊಟ್ಟಾಗ ಬೆಲ್ಟ್ ಎಳೆತಕ್ಕೆ ಇಂಜಿನ್ ಹಿಂದಿನ ಕ್ಲಚ್ ಕಡೆ ವಾಲದಂತೆ ತಡೆಯುವ ಚಿಕ್ಕ ರಬ್ಬರ್ ಒತ್ತು ಅದು. ಅದು ಸಡಿಲವಾಗಿತ್ತು. ಅಂದರೆ ಪ್ರತಿ ಸಲ ಥ್ರಾಟಲ್ ಒತ್ತಿದಾಗಲೂ ಇಂಜಿನ್ ಒಂದು ಕಡೆ ಸರಿಯುತ್ತದೆ, ಚಾಸಿಗೆ ಅಂಟಿಕೊಂಡ ಬ್ರಾಕೆಟ್ ಕದಲುವುದಿಲ್ಲ. ನಡುವೆ ಸಿಕ್ಕ ಪೈಪ್ ಒಡೆಯದೆ ಇನ್ನೇನು ಮಾಡೀತು?

ಒಡೆದ ಜಾಗ ನೋಡಿದರೆ ಕಾರಣ ಸುಮಾರಾಗಿ ಗೊತ್ತಾಗುತ್ತದೆ. ಬ್ರಾಕೆಟ್ ಹತ್ತಿರ ಒಡೆದಿದ್ದರೆ ಮೌಂಟ್ ಅಥವಾ ಇಂಜಿನ್ ಅಲುಗಾಟ. ಕೊಕ್ಕೆ ಕಿತ್ತುಬಂದಿದ್ದರೆ ಸ್ಪ್ರಿಂಗ್ ತೊಂದರೆ. ಪೈಪಿನ ಎರಡು ಕೋನ್ (ಶಂಕುವಿನಾಕಾರದ ತುಂಡುಗಳು) ಸೇರುವ ವೆಲ್ಡ್ ಉದ್ದಕ್ಕೂ ಕೂದಲೆಳೆಯ ಬಿರುಕಿದ್ದು, ಮೌಂಟ್‌ಗಳೆಲ್ಲ ಸರಿಯಿದ್ದರೆ ಮಾತ್ರ ಪೈಪ್ ಮಾಡಿದವರನ್ನು ಅನುಮಾನಿಸಬಹುದು. ಈ ಗಾಡಿಯಲ್ಲಿ ಪೈಪಿನ ತಪ್ಪು ಇರಲಿಲ್ಲ. ಅದೇ ಮೌಂಟಿನ ಮೇಲೆ ಎಂಥ ದುಬಾರಿ ಪೈಪ್ ಕೂರಿಸಿದ್ದರೂ ಅದೂ ಅಲ್ಲೇ ಒಡೆಯುತ್ತಿತ್ತು. ಆಮೇಲೆ ಬೈಗುಳ ತಿನ್ನುತ್ತಿದ್ದವರು ಹೊಸ ಪೈಪ್ ಮಾಡಿದವರು! "ಆ ಬ್ರ್ಯಾಂಡ್ ಪೈಪ್ ಒಡೆಯುತ್ತೆ" ಅನ್ನುವ ದೂರು ಕೇಳಿದಾಗ ನಾನು ಮೊದಲು ಕೇಳುವುದು ಮೌಂಟ್ ಹೇಗಿತ್ತು ಅಂತ.

ಮೌಂಟ್, ಟಾರ್ಕ್ ಸ್ಟಾಪ್, ವೈ-ಪೈಪಿನ ಗ್ಯಾಸ್ಕೆಟ್ ಎಲ್ಲ ಬದಲಾಯಿತು. ಬಿರುಕಿಗೆ ವೆಲ್ಡ್ ಹಾಕಿ ಓಡಿಸುವ ಯೋಚನೆಯನ್ನು ಬಿಟ್ಟೆವು. ಒಳಗೆಲ್ಲ ಎಣ್ಣೆಯ ಮಸಿ ಹಿಡಿದ ತೆಳು ತಗಡು. ವೆಲ್ಡ್ ಪಕ್ಕದಲ್ಲೇ ಮತ್ತೆ ಬಿಡುವುದು ಮಾಮೂಲು. ಅಷ್ಟೇ ಅಲ್ಲ, ಬಿರುಕಿನಿಂದ ಚಿಮ್ಮುವ ಬಿಸಿ ಗಾಳಿ ಹುಡ್ಡಿನ ಪ್ಲಾಸ್ಟಿಕ್ಕನ್ನೂ ವೈರುಗಳನ್ನೂ ಸುಡುತ್ತದೆ.

ಪೈಪ್ ಬರೀ ಹೊಗೆ ಕೊಳವೆಯಲ್ಲ

ಟೂ-ಸ್ಟ್ರೋಕ್ ಪೈಪಿನ ಕೆಲಸ ಗೊತ್ತಿಲ್ಲದಿದ್ದರೆ ಜಾಹೀರಾತಿನ ಹಾರ್ಸ್‌ಪವರ್ ಸಂಖ್ಯೆಗಳನ್ನು ಅಳೆಯಲು ದಾರಿಯೇ ಇರುವುದಿಲ್ಲ. ಸಿಲಿಂಡರಿನಿಂದ ಹೊಗೆ ಹೊರಡುವ ತೂತು, ಅಂದರೆ ಎಕ್ಸಾಸ್ಟ್ ಪೋರ್ಟ್, ತೆರೆದ ಕೂಡಲೇ ಒತ್ತಡದ ಅಲೆಯೊಂದು ಪೈಪಿನೊಳಗೆ ಓಡುತ್ತದೆ. ಪೈಪ್ ಅಗಲವಾಗುತ್ತಾ ಹೋಗುವ ಭಾಗದಲ್ಲಿ ಅದರಿಂದ ಹೀರುವ ಅಲೆ ಹಿಂದಕ್ಕೆ ಬರುತ್ತದೆ. ಅದು ಸುಟ್ಟ ಗಾಳಿಯನ್ನು ಹೊರಗೆಳೆಯುತ್ತದೆ, ಜೊತೆಗೆ ಹೊಸ ಪೆಟ್ರೋಲ್ ಮಿಶ್ರಣವೂ ಸ್ವಲ್ಪ ಪೈಪಿಗೆ ಬಂದುಬಿಡುತ್ತದೆ. ಅಷ್ಟರಲ್ಲಿ ಮುಂದೆ ಓಡಿದ ಅಲೆ ಪೈಪ್ ಕಿರಿದಾಗುವ ಕೋನಿಗೆ ಬಡಿದು ಒತ್ತುವ ಅಲೆಯಾಗಿ ವಾಪಸ್ ಬರುತ್ತದೆ. ಪೋರ್ಟ್ ಮುಚ್ಚುವ ಮುಂಚಿನ ಕ್ಷಣದಲ್ಲಿ, ಹೊರಗೆ ಬಂದಿದ್ದ ಮಿಶ್ರಣವನ್ನು ಸಿಲಿಂಡರಿಗೆ ತುರುಕುತ್ತದೆ. ಟರ್ಬೊ ಇಲ್ಲದೆಯೇ ಸಿಕ್ಕ ಟರ್ಬೊ ಅನ್ನಬಹುದು.

ಈ ವಿದ್ಯೆಯನ್ನು ಹದಕ್ಕೆ ತಂದದ್ದು 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ವಾಲ್ಟರ್ ಕಾಡೆನ್. 1961ರಲ್ಲಿ ಅವರ ಸವಾರ ಅರ್ನ್‌ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿಗೆ ಬಂದವರು ಹಾಗೇ ಪಶ್ಚಿಮಕ್ಕೆ ತಪ್ಪಿಸಿಕೊಂಡು ಸುಜುಕಿ ಸೇರಿದರು. ಮರುವರ್ಷವೇ ಸುಜುಕಿಗೆ 50 ಸಿಸಿ ವಿಶ್ವ ಚಾಂಪಿಯನ್ ಪಟ್ಟ ಸಿಕ್ಕಿತು. ಪೈಪಿನ ಗುಟ್ಟಿಗೆ ಇಷ್ಟೊಂದು ಬೆಲೆ ಇತ್ತು ಅಂತ ಹೇಳುವುದಕ್ಕೆ ಈ ಕತೆ.

ಅಲೆ ಹೋಗಿ ಬರುವ ಸಮಯ ಪೋರ್ಟಿನ ಸಮಯಕ್ಕೆ ಹೊಂದಬೇಕು. ಅದು ಹೊಂದುವುದು ಒಂದು ಆರ್‌ಪಿಎಂ ಪಟ್ಟಿಯಲ್ಲಿ ಮಾತ್ರ. ಪೈಪಿನ ಉದ್ದವನ್ನು ಬದಲಾಯಿಸಲಾಗದು. ಆದರೆ ಅದರೊಳಗಿನ ಶಬ್ದದ ವೇಗ ಬಿಸಿಗೆ ತಕ್ಕಂತೆ ಬದಲಾಗುತ್ತದೆ. ಗಾಳಿಯ ಲೆಕ್ಕದಲ್ಲಿ 400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 520 ಮೀಟರ್, 500 ಡಿಗ್ರಿಯಲ್ಲಿ ಸುಮಾರು 557 ಮೀಟರ್. ಶೇಕಡ 7ರಷ್ಟು ವ್ಯತ್ಯಾಸ. 8000 ಆರ್‌ಪಿಎಂಗೆ ಹೊಂದಿಸಿದ ಪೈಪಿನಲ್ಲಿ ಇದು 500ಕ್ಕೂ ಹೆಚ್ಚು ಆರ್‌ಪಿಎಂ ಅತ್ತಿತ್ತ ಆದಂತೆ. ತಣ್ಣಗಿನ ಪೈಪಿನಲ್ಲಿ ಪವರಿನ ತುದಿ ಕೆಳಗಿನ ಆರ್‌ಪಿಎಂಗೆ ಜಾರುತ್ತದೆ, ಬಿಸಿಯಾದಂತೆ ಮೇಲಕ್ಕೆ ಏರುತ್ತದೆ. ಹಿಮದಲ್ಲಿ ಓಡುವ ಗಾಡಿಗೆ ಇದು ಪುಸ್ತಕದ ಮಾತಲ್ಲ. ತಿರುವು ಜಾಸ್ತಿ ಇರುವ ಕಾಡಿನ ಟ್ರೇಲಿನಲ್ಲಿ ಪೈಪ್ ಪೂರ್ತಿ ಬಿಸಿಯೇರುವುದಿಲ್ಲ. ಹೆಪ್ಪುಗಟ್ಟಿದ ಕೆರೆಯ ಮೇಲೆ ನಿಮಿಷಗಟ್ಟಲೆ ಫುಲ್ ಥ್ರಾಟಲ್ ಹಿಡಿದರೆ ಅದೇ ಪೈಪ್ ಬೇರೆಯದೇ ಥರ ನಡೆದುಕೊಳ್ಳುತ್ತದೆ.

ಇನ್ನೊಂದು ಕಡೆ ಸಿವಿಟಿ ಕ್ಲಚ್ ಇದೆ, ಅಂದರೆ ಎರಡು ಕ್ಲಚ್ಚುಗಳ ನಡುವೆ ಬೆಲ್ಟ್ ಓಡಿ ಗೇರಿನ ಕೆಲಸ ಮಾಡುವ ಏರ್ಪಾಡು. ಸ್ನೋಮೊಬೈಲಿನಲ್ಲಿ ಸವಾರ ಬದಲಾಯಿಸುತ್ತಾ ಹೋಗುವ ಗೇರ್ ಇಲ್ಲ. ಮುಂದಿನ ಕ್ಲಚ್ಚಿನ ವೆಯ್ಟುಗಳು, ಸ್ಪ್ರಿಂಗು, ಹಿಂದಿನ ಕ್ಲಚ್ಚಿನ ಹೀಲಿಕ್ಸು ಎಂಬ ಓರೆ ಹಾದಿ ಸೇರಿ ಫುಲ್ ಥ್ರಾಟಲ್ಲಿನಲ್ಲಿ ಇಂಜಿನ್ನನ್ನು ಒಂದೇ ಆರ್‌ಪಿಎಂನಲ್ಲಿ ಹಿಡಿದಿಡುತ್ತವೆ. ಪೈಪಿನ ಪವರ್ ಇರುವ ಆರ್‌ಪಿಎಂ ಮತ್ತು ಕ್ಲಚ್ ಹಿಡಿದಿಡುವ ಆರ್‌ಪಿಎಂ ಒಂದೇ ಆಗಿರಬೇಕು. ಇಲ್ಲದಿದ್ದರೆ ಪವರ್ ಅಳೆಯುವ ಡೈನೊ ಯಂತ್ರದಲ್ಲಿ ಕಂಡ ಹಾರ್ಸ್‌ಪವರ್ ಟ್ರ್ಯಾಕಿಗೆ ತಲುಪುವುದೇ ಇಲ್ಲ. ಈ ಪ್ರಕರಣದಲ್ಲಿ ನಾನು ಪಟ್ಟು ಹಿಡಿದದ್ದು ಇದೊಂದಕ್ಕೇ: ಯಾವ ಆರ್‌ಪಿಎಂ, ಯಾವ ಕ್ಲಚ್ ಸೆಟಪ್, ಯಾವ ಎತ್ತರಕ್ಕೆ ಅಂತ ಬರೆದುಕೊಡದ ಪೈಪನ್ನು ಕೊಳ್ಳಬಾರದು, ಎಷ್ಟೇ ಚಂದ ಇರಲಿ.

ನಾಲ್ಕು ದಾರಿಗಳಲ್ಲಿ ಎರಡು ಬೇಗ ಮುಚ್ಚಿದವು

ಕ್ಯಾನ್ ಮಾತ್ರ ಬದಲಿಸುವುದರಲ್ಲಿ ಲಾಭ ಕೆಲವು ಕಿಲೊ ತೂಕ, ಅಷ್ಟೇ. ಟೂ-ಸ್ಟ್ರೋಕಿನಲ್ಲಿ ಪವರ್ ಹುಟ್ಟುವುದು ಪೈಪಿನಲ್ಲಿ, ಕ್ಯಾನಿನಲ್ಲಲ್ಲ. ಸದ್ದು ಜಾಸ್ತಿಯಾದರೆ ಓಟವೂ ಜಾಸ್ತಿಯಾದಂತೆ ಅನಿಸುತ್ತದೆ, ಅದು ಕಿವಿಯ ಮೋಸ. ಇನ್ನೊಂದು ಸೂಕ್ಷ್ಮ ಇದೆ. ಪೈಪಿನ ಬಾಲದ ಸಣ್ಣ ಕೊಳವೆ, ಅಂದರೆ ಸ್ಟಿಂಜರ್, ಮತ್ತು ಅದರ ಮುಂದಿನ ಕ್ಯಾನ್ ಸೇರಿ ಪೈಪಿನೊಳಗಿನ ಒತ್ತಡವನ್ನೂ ಬಿಸಿಯನ್ನೂ ತೀರ್ಮಾನಿಸುತ್ತವೆ. ತೀರಾ ಬಿಗಿಯಾದರೆ ಪಿಸ್ಟನ್ ಸುಡುತ್ತದೆ. ತೀರಾ ಸಡಿಲವಾದರೆ ಪೈಪ್ ಹೊಂದಿಸಿದ ಲೆಕ್ಕವೇ ತಪ್ಪುತ್ತದೆ. ಒಬ್ಬರ ಪೈಪಿಗೆ ಇನ್ನೊಬ್ಬರ ಕ್ಯಾನ್ ಹಾಕುವಾಗ ಇದನ್ನು ಯಾರೂ ಯೋಚಿಸುವುದಿಲ್ಲ.

ಟ್ವಿನ್ ಪೈಪ್ ಬಗ್ಗೆ ಗೆಳೆಯರ ಆಸೆ ನನಗೆ ಅರ್ಥವಾಗುತ್ತಿತ್ತು. ಪ್ರತಿ ಸಿಲಿಂಡರಿಗೂ ತನ್ನದೇ ಪೈಪ್. ತುದಿಯ ಪವರ್ ಅದರಲ್ಲೇ ಜಾಸ್ತಿ, ರೇಸಿನವರು ಸುಮ್ನೆ ಹಾಕುವುದಿಲ್ಲ. ಆದರೆ ಹುಡ್ ಕೆಳಗೆ ಬಿಸಿಯೂ ಜಾಸ್ತಿ. ಯಾವಾಗ ಎಷ್ಟು ಪೆಟ್ರೋಲ್ ಅಂತ ಕಂಪ್ಯೂಟರಿಗೆ ಹೇಳುವ ಇಂಧನದ ಮ್ಯಾಪ್ ಹೊಸದಾಗಿ ಮಾಡಬೇಕು, ಕ್ಲಚ್ ಬುಡದಿಂದ ಜೋಡಿಸಬೇಕು. ಮಾರುವವರ ಹತ್ತಿರ ಸೆಟಪ್ ಚೀಟಿ ಇರಲಿಲ್ಲ, ಜೊತೆಗಿದ್ದ, ಆ ಮ್ಯಾಪನ್ನು ತಿದ್ದುವ ಫ್ಯೂಯೆಲ್ ಕಂಟ್ರೋಲರನ್ನು ಬೇರೆ ಮಾರಿಬಿಟ್ಟಿದ್ದರು. ಸೆಟ್ ಒಂದು ಕಾಲದಲ್ಲಿ ಒಳ್ಳೆಯದೇ ಇದ್ದಿರಬಹುದು. ಅರ್ಧ ಸಾಮಾನಿನ ಜೊತೆ ಬಂದ ಪೈಪ್ ಟ್ರೇಲ್ ಸವಾರನಿಗೆ ತಲೆನೋವು ಮಾತ್ರ. ಗೆಳೆಯರಿಂದ ಆ ಆಸೆ ಬಿಡಿಸುವುದಕ್ಕೆ ನನಗೆ ಸಾಕಷ್ಟು ಹೊತ್ತು ಹಿಡಿಯಿತು ಅನ್ನುವುದು ಬೇರೆ ಮಾತು.

ಉಳಿದದ್ದು ಕಂಪನಿಯ ಪೈಪ್ ಮತ್ತು ಹೊರಗಿನ ಸಿಂಗಲ್ ಪೈಪ್. ಕಂಪನಿಯದ್ದು ಕೆಟ್ಟ ಆಯ್ಕೆ ಅಂತ ಯಾರೂ ಅಂದುಕೊಳ್ಳಬೇಡಿ. ಗಾಡಿಯ ಇಂಧನ, ಇಗ್ನಿಷನ್, ಕ್ಲಚ್ ಎಲ್ಲವನ್ನೂ ಅದರ ಸುತ್ತಲೇ ಕೂಡಿಸಿರುತ್ತಾರೆ. ಬರೀ ನಂಬಿಕೆಯ ಪ್ರಶ್ನೆಯಾಗಿದ್ದರೆ ಉತ್ತರ ಅಲ್ಲೇ ಮುಗಿಯುತ್ತಿತ್ತು. ಆದರೆ ಗೆಳೆಯರಿಗೆ ಸ್ವಲ್ಪವಾದರೂ ಬದಲಾವಣೆ ಬೇಕಿತ್ತು.

ಮಾರುವವರಿಗೆ ಕೇಳಿದ ಪ್ರಶ್ನೆಗಳು

ಐಡಹೊದ ಸ್ಟಾರ್ಟಿಂಗ್ ಲೈನ್ ಪ್ರಾಡಕ್ಟ್ಸ್, ಒಂಟಾರಿಯೊದ ಎಂಬಿಆರ್‌ಪಿ ಥರದ ಹೆಸರುಗಳು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು. ಹೆಸರು ಗೊತ್ತಿದೆ ಅನ್ನುವುದು ಶುರು ಮಾಡಲು ಸಾಕು, ಮುಗಿಸಲು ಸಾಲದು. ಒಂದೇ ತಯಾರಕರ ಪೈಪ್ ಒಂದು ಮಾಡೆಲ್ಲಿಗೆ ಚೆನ್ನಾಗಿ ಹೊಂದಿ, ಮುಂದಿನ ವರ್ಷದ ಮಾಡೆಲ್ಲಿಗೆ ಹೊಂದದೇ ಇರಬಹುದು. ಚಾಸಿ ಬದಲಾಗಿರುತ್ತದೆ, ಎಕ್ಸಾಸ್ಟ್ ವಾಲ್ವ್ ಬದಲಾಗಿರುತ್ತದೆ, ಕಂಪ್ಯೂಟರಿನ ಮ್ಯಾಪ್ ಬದಲಾಗಿರುತ್ತದೆ. ಹಾಗಾಗಿ ಬ್ರ್ಯಾಂಡ್ ಪಕ್ಕಕ್ಕಿಟ್ಟು ಪಟ್ಟಿಯಲ್ಲಿದ್ದ ಪೈಪುಗಳ ಮಾರಾಟಗಾರರಿಗೆಲ್ಲ ಒಂದೇ ಪ್ರಶ್ನೆಗಳನ್ನು ಕಳಿಸಿದೆವು.

ಮೊದಲನೆಯದು: ಪವರಿನ ತುದಿ ಎಷ್ಟು ಆರ್‌ಪಿಎಂನಲ್ಲಿ? ಅದು ಸ್ಟಾಕ್ (ಕಂಪನಿಯಿಂದಲೇ ಬಂದ) ಪೈಪಿನದಕ್ಕೆ ಹತ್ತಿರವಿದ್ದರೆ ಕ್ಲಚ್ ಕೆಲಸ ಕಡಿಮೆ. ಅದಕ್ಕಿಂತ ಬಹಳ ಮೇಲಿದ್ದರೆ ಇಂಜಿನ್ ಜೀವನಪೂರ್ತಿ ಜಾಸ್ತಿ ಸುತ್ತಬೇಕು, ಬೆಲ್ಟೂ ಬೇಗ ಸವೆಯುತ್ತದೆ.

ಎರಡನೆಯದು ಡೈನೊ ಬಗ್ಗೆ. ಸ್ಟಾಕ್ ಪೈಪನ್ನು ಅದೇ ಇಂಜಿನ್ನಿನ ಮೇಲೆ, ಅದೇ ದಿನ ಅಳೆದಿದ್ದೀರಾ? ಯಾವ ಕರೆಕ್ಷನ್ ಬಳಸಿದ್ದೀರಿ? ಈ ಎರಡನೇ ಪ್ರಶ್ನೆಗೆ ಬಹಳ ಜನ ಗಮನ ಕೊಡುವುದಿಲ್ಲ. ಹವೆಗೆ ತಕ್ಕಂತೆ ಸಂಖ್ಯೆಯನ್ನು ಸರಿಪಡಿಸುವ ಹಳೆಯ ಎಸ್‌ಟಿಪಿ ಪದ್ಧತಿ 60 ಡಿಗ್ರಿ ಫ್ಯಾರನ್‌ಹೀಟ್ ಗಾಳಿಯನ್ನು ಅಳತೆಗೋಲು ಮಾಡಿಕೊಳ್ಳುತ್ತದೆ. ವಾಹನ ಇಂಜಿನಿಯರುಗಳ ಸಂಘವಾದ ಎಸ್‌ಎಇಯ ಜೆ1349 ಪದ್ಧತಿಯಲ್ಲಿ ಅದು 77 ಡಿಗ್ರಿ, ಗಾಳಿಯ ಒತ್ತಡವೂ ಕಡಿಮೆ. ಅದೇ ಇಂಜಿನ್, ಅದೇ ಓಟ, ಆದರೂ ಮೊದಲನೆಯದರಲ್ಲಿ ಸಂಖ್ಯೆ ಸುಮಾರು ಶೇಕಡ 4 ಜಾಸ್ತಿ ಕಾಣುತ್ತದೆ. 150 ಹಾರ್ಸ್‌ಪವರಿನ ಗಾಡಿಯಲ್ಲಿ ಇದೊಂದೇ 6 ಹಾರ್ಸ್‌ಪವರ್! ಎಷ್ಟೋ ಪೈಪುಗಳು ಕೊಡುತ್ತೇವೆ ಅನ್ನುವ ಲಾಭವೇ ಅಷ್ಟು.

ಮೂರನೆಯದು ಇಂಧನ. ಇಂಜೆಕ್ಷನ್ ಗಾಡಿಯ ಕಂಪ್ಯೂಟರ್ ಗಾಳಿಯ ಬಿಸಿ, ಒತ್ತಡ ನೋಡಿ ಪೆಟ್ರೋಲ್ ಕೊಡುತ್ತದೆ ನಿಜ. ಆದರೆ ಒಳಗಿರುವ ಮ್ಯಾಪ್ ಸ್ಟಾಕ್ ಪೈಪಿಗೆ ಮಾಡಿದ್ದು. ಹೊಸ ಪೈಪ್ ಸಿಲಿಂಡರಿಗೆ ಗಾಳಿ ಜಾಸ್ತಿ ತುಂಬಿದರೆ ಮ್ಯಾಪಿಗೆ ಅದು ಗೊತ್ತಾಗುವುದಿಲ್ಲ. ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕ ಪೆಟ್ರೋಲ್ ಇರುವುದಿಲ್ಲ, ಡೆಟೊನೇಷನ್ ಎಂಬ ಹಿಡಿತವಿಲ್ಲದ ಸಿಡಿತ ಶುರುವಾಗುತ್ತದೆ, ಪಿಸ್ಟನ್ ಹೋಗುತ್ತದೆ. ಆದ್ದರಿಂದ ಸ್ಟಾಕ್ ಮ್ಯಾಪಿನಲ್ಲೇ ಸುರಕ್ಷಿತವಾ, ಅಥವಾ ಕಂಟ್ರೋಲರ್ ಬೇಕಾ ಅಂತ ನೇರವಾಗಿ ಕೇಳಿದೆವು. ಇದರ ಜೊತೆಗೇ ಟೆಂಪರೇಚರ್ ಸೆನ್ಸರ್. ಪೈಪಿನ ಬಿಸಿ ನೋಡಿ ಇಗ್ನಿಷನ್ನನ್ನೂ ಇಂಧನವನ್ನೂ ಹೊಂದಿಸುವ ಗಾಡಿ ಇದು. ಸೆನ್ಸರ್ ಕೂರುವ ತೂತು ಹೊಸ ಪೈಪಿನಲ್ಲಿ ಒಂದು ಗೇಣು ಆಚೀಚೆಯಾದರೂ ಕಂಪ್ಯೂಟರ್ ಬೇರೆ ಬಿಸಿ ಓದುತ್ತದೆ. ಸ್ಟಾಕ್ ವೈ-ಪೈಪಿನ ಜೊತೆ ಪರೀಕ್ಷೆ ಮಾಡಿದ್ದೀರಾ ಅಂತಲೂ ಸೇರಿಸಿದೆವು. ಸಿಂಗಲ್ ಪೈಪ್ ಗಾಡಿಯಲ್ಲಿ ಒಂದು ಸಿಲಿಂಡರಿನ ಅಲೆ ವೈ ಮೂಲಕ ಇನ್ನೊಂದಕ್ಕೂ ನುಗ್ಗುತ್ತದೆ. ಅದಕ್ಕೇ ವೈ ಮತ್ತು ಪೈಪ್ ಜೋಡಿಯಾಗಿ ಹೊಂದಬೇಕು.

ಉತ್ತರಗಳು ಬಂದ ರೀತಿಯೇ ಅರ್ಧ ತೀರ್ಮಾನ ಮಾಡಿಕೊಟ್ಟಿತು. ಒಬ್ಬರದು ಒಂದೇ ಸಾಲು: 15 ಹಾರ್ಸ್‌ಪವರ್ ಜಾಸ್ತಿ, ಎಲ್ಲಾ ಮಾಡೆಲ್ಲಿಗೂ ಆಗುತ್ತೆ. ಎಲ್ಲಾ ಮಾಡೆಲ್ಲಿಗೂ ಆಗುವ ಪೈಪ್ ಯಾವ ಮಾಡೆಲ್ಲಿಗೂ ಸರಿಯಾಗಿ ಆಗುವುದಿಲ್ಲ, ಬಿಡಿ. ಇನ್ನೊಬ್ಬರು ಅದಕ್ಕಿಂತ ತುಂಬಾ ಚಿಕ್ಕ ಲಾಭ ಹೇಳಿದರು. ಆದರೆ ಪೂರ್ತಿ ಗ್ರಾಫ್ ಕಳಿಸಿದರು. ಮಧ್ಯದ ಆರ್‌ಪಿಎಂನಲ್ಲಿ ಒಂದು ಕಡೆ ಸ್ಟಾಕ್‌ಗಿಂತ ತುಸು ಕಡಿಮೆ ಇರುವುದನ್ನೂ ಅದರಲ್ಲಿ ಮುಚ್ಚಿಟ್ಟಿರಲಿಲ್ಲ. ಮೂರು ಎತ್ತರಗಳಿಗೆ ಮೂರು ಕ್ಲಚ್ ಸೆಟಪ್, ಸ್ಟಾಕ್ ಕ್ಯಾನ್ ಜೊತೆಗೇ ಬಳಸಿ ಎಂಬ ಸೂಚನೆ, ವೆಲ್ಡ್ ಒಡೆದರೆ ಬದಲಾಯಿಸಿ ಕೊಡುವ ಮಾತು. ತನ್ನ ಪೈಪಿನ ಕೊರತೆಯನ್ನೂ ತೋರಿಸುವ ಗ್ರಾಫಿನ ಮೇಲೆ ನನಗೆ ಜಾಸ್ತಿ ನಂಬಿಕೆ.

ಅವರ ಪೈಪನ್ನೇ ತರಿಸಿದೆವು. ಅದು ಕೈಗೆ ಬಂದಾಗ ನೋಡಿದ್ದು ವೆಲ್ಡನ್ನು. ಉದ್ದಕ್ಕೂ ಒಂದೇ ಸಮ ಇರಬೇಕು, ಒಳಗೆ ಲೋಹದ ಗಂಟುಗಳು ಚಾಚಿರಬಾರದು, ಸ್ಪ್ರಿಂಗ್ ಕೊಕ್ಕೆಗಳು ಬರೀ ಚುಕ್ಕೆ ವೆಲ್ಡಿನಲ್ಲಿ ನಿಂತಿರಬಾರದು. ಲೋಹ ಮೈಲ್ಡ್ ಸ್ಟೀಲ್, ಮೇಲೆ ಸೆರಾಮಿಕ್ ಕೋಟಿಂಗ್. ಸ್ಟೇನ್‌ಲೆಸ್ಸೇ ಮೇಲು ಅಂತ ಕೆಲವರು ವಾದಿಸುತ್ತಾರೆ. ತುಕ್ಕಿನ ವಿಷಯದಲ್ಲಿ ಸರಿ. ಸೆರಾಮಿಕ್ಕಿನ ಲಾಭವೇ ಬೇರೆ: ಬಿಸಿ ಪೈಪಿನೊಳಗೆ ಉಳಿಯುತ್ತದೆ, ಹುಡ್ ಕೆಳಗೆ ಕಡಿಮೆ ಸೋರುತ್ತದೆ. ಪೈಪಿಗೆ ಬಟ್ಟೆಯಂಥ ಹೀಟ್ ರ‍್ಯಾಪ್ ಸುತ್ತುವವರೂ ಇದ್ದಾರೆ. ಹಿಮದ ನೀರು ಕುಡಿದ ರ‍್ಯಾಪ್ ಒಳಗೆ ಸ್ಟೀಲ್ ಸದ್ದಿಲ್ಲದೆ ತುಕ್ಕು ಹಿಡಿಯುತ್ತದೆ.

ಸದ್ದಿನ ಕಾನೂನು

ಸ್ಟಾಕ್ ಕ್ಯಾನ್ ಉಳಿಸಿಕೊಳ್ಳಲು ಇನ್ನೊಂದು ಕಾರಣ ಕಾನೂನು. 1970ರ ದಶಕದ ನಡುವಿನಿಂದಲೇ ಕಾರ್ಖಾನೆಯಿಂದ ಹೊರಡುವ ಸ್ನೋಮೊಬೈಲುಗಳಿಗೆ 50 ಅಡಿ ದೂರದಲ್ಲಿ ಫುಲ್ ಥ್ರಾಟಲ್ಲಿಗೆ 78 ಡೆಸಿಬೆಲ್, ಗಂಟೆಗೆ 15 ಮೈಲಿ ವೇಗದಲ್ಲಿ 73 ಡೆಸಿಬೆಲ್ ಎಂಬ ಮಿತಿ ಉತ್ತರ ಅಮೆರಿಕದಲ್ಲಿ ಇದೆ. ಟ್ರೇಲ್ ಮೇಲೆ ಗಾಡಿಯನ್ನು ನಿಲ್ಲಿಸಿಯೇ ಅಳೆಯಲು ಎಸ್‌ಎಇ ಜೆ2567 ಪರೀಕ್ಷೆ ಇದೆ. ಮಿಷಿಗನ್, ವಿಸ್ಕಾನ್ಸಿನ್‌ನಂಥ ರಾಜ್ಯಗಳಲ್ಲಿ 4 ಮೀಟರ್ ದೂರಕ್ಕೆ 88 ಡೆಸಿಬೆಲ್ ದಾಟಿದರೆ ದಂಡ. ಡೆಸಿಬೆಲ್ ಲೆಕ್ಕ ನೇರ ಏರುವುದಿಲ್ಲ. 3 ಡೆಸಿಬೆಲ್ ಹೆಚ್ಚಿದರೆ ಸದ್ದಿನ ಶಕ್ತಿ ಎರಡರಷ್ಟು. ಸ್ವಲ್ಪವೇ ಜೋರಾಯಿತು ಅನಿಸಿದ ಕ್ಯಾನ್ ಮೀಟರಿನಲ್ಲಿ ಸಿಕ್ಕಿಬೀಳುವುದು ಹೀಗೆ.

ದಂಡಕ್ಕಿಂತ ದೊಡ್ಡ ವಿಷಯ ಟ್ರೇಲುಗಳದ್ದು. ಅಲ್ಲಿನ ಎಷ್ಟೋ ಟ್ರೇಲುಗಳು ಖಾಸಗಿ ಜಮೀನಿನ ಮೇಲೆ, ಮಾಲೀಕರ ಒಪ್ಪಿಗೆಯಿಂದ ಹಾದುಹೋಗುತ್ತವೆ. ರಾತ್ರಿ ಹನ್ನೊಂದಕ್ಕೆ ಕಿಟಕಿ ನಡುಗಿಸುವ ಒಂದು ಗಾಡಿಗೆ ರೋಸಿ ಅವರು ಗೇಟ್ ಹಾಕಿದರೆ ಎಲ್ಲರ ದಾರಿಯೂ ಬಂದ್. "ಸದ್ದಿಗೆ ಹಿಮಕುಸಿತ ಆಗುತ್ತಂತೆ, ನಿಜಾನಾ?" ಅಂತ ಗೆಳೆಯರು ಕೇಳಿದರು. ಇಲ್ಲ. ಹಿಮದ ಪದರವನ್ನು ಕಿತ್ತು ಜಾರಿಸುವುದು ಗಾಡಿಯ ಮತ್ತು ಸವಾರನ ತೂಕ, ಪೈಪಿನ ಸದ್ದಲ್ಲ. ಜೋರು ಕ್ಯಾನಿನ ವಿರುದ್ಧ ವಾದಿಸಲು ಆ ಸುಳ್ಳಿನ ಅಗತ್ಯವೂ ಇಲ್ಲ.

ಜೋಡಿಸಿದ ಮೇಲೆ

ಹೊಸ ಮೌಂಟ್, ಹೊಸ ಸ್ಪ್ರಿಂಗುಗಳ ಮೇಲೆ ಪೈಪ್ ಎಳೆದಾಡದೆ ಕೂತಿತು. ಇದನ್ನು ಸಣ್ಣ ವಿಷಯ ಅಂದುಕೊಳ್ಳಬಾರದು. ಬ್ರಾಕೆಟ್ಟನ್ನು ಬಗ್ಗಿಸಿ, ಒತ್ತಿ ಕೂರಿಸಿದ ಪೈಪ್ ಹುಟ್ಟಿದ ದಿನವೇ ಅರ್ಧ ಒಡೆದ ಹಾಗೆ. ಪೈಪಿಗೂ ಹುಡ್ಡಿಗೂ ನಡುವೆ ಬೆರಳು ಆಡಿಸಿ ಜಾಗ ನೋಡಿದೆವು. ಒಂದು ಕಡೆ ಪ್ಲಾಸ್ಟಿಕ್ ಹತ್ತಿರವಿತ್ತು, ಅಲ್ಲಿ ಶಾಖ ತಡೆಯುವ ಫಾಯಿಲ್ ಅಂಟಿಸಿದೆವು. ಸ್ಪ್ರಿಂಗುಗಳಿಗೆ ಸೇಫ್ಟಿ ವೈರ್ ಕಟ್ಟಿದೆವು. ಒಂದು ಕಳಚಿದರೂ ಬೆಲ್ಟಿನೊಳಗೆ ಹೋಗಿ ಬೀಳಬಾರದು ಅಂತ.

ಮೊದಲ ಓಟದಲ್ಲಿ ಆರ್‌ಪಿಎಂ ಗುರಿಗಿಂತ ಸುಮಾರು 200 ಮೇಲೆ ಹೋಯಿತು. ಕಿವಿಗೆ ಹಬ್ಬ, ಓಟ ಮಾತ್ರ ಸಪ್ಪೆ. ಪವರ್ ಹೆಚ್ಚಿದೆ, ಹಳೆಯ ವೆಯ್ಟುಗಳಿಗೆ ಇಂಜಿನ್ನನ್ನು ಹಿಡಿಯಲು ಆಗುತ್ತಿಲ್ಲ ಅಂತ ಅರ್ಥ. ಚೀಟಿಯಲ್ಲಿ ಹೇಳಿದಂತೆ ವೆಯ್ಟುಗಳಿಗೆ ತುಸು ಭಾರ ಸೇರಿಸಿದಾಗ ಆರ್‌ಪಿಎಂ ಜಾಗಕ್ಕೆ ಬಂತು, ಆಗ ಗಾಡಿ ಎಳೆಯಿತು. ಪರೀಕ್ಷೆಯನ್ನು ಪೈಪ್ ಬಿಸಿಯಾದ ಮೇಲೆ, ಉದ್ದದ ಓಟದಲ್ಲೇ ಮಾಡಿದೆವು. ತಣ್ಣಗಿರುವಾಗ ಎರಡು ಸೆಕೆಂಡ್ ಥ್ರಾಟಲ್ ಒತ್ತಿ ಓದಿದ ಆರ್‌ಪಿಎಂ ಯಾವ ಲೆಕ್ಕಕ್ಕೂ ಬರುವುದಿಲ್ಲ. ಆಮೇಲೆ ಪ್ಲಗ್ ಬಿಚ್ಚಿ, ಪಿಸ್ಟನ್ನಿನ ತಲೆಯ ಮೇಲೆ ಪೆಟ್ರೋಲ್ ತೊಳೆದ ಗುರುತು ನೋಡಿದೆವು. ಎರಡೂ ಸಿಲಿಂಡರಿನಲ್ಲಿ ಪೋರ್ಟುಗಳ ಎದುರು ತೊಳೆದ ಜಾಗ ಸ್ಪಷ್ಟವಾಗಿತ್ತು, ಲೀನ್ ಆಗಿರಲಿಲ್ಲ. ಹಾಗಾಗಿ ಕಂಟ್ರೋಲರ್ ಕೊಳ್ಳಲಿಲ್ಲ.

ಗೆಳೆಯರಿಗೆ ಏನು ಸಿಕ್ಕಿತು? ತುದಿಯಲ್ಲಿ ಎಳೆತ ಸ್ವಲ್ಪ ಜಾಸ್ತಿ. ಕಾಡಿನ ತಿರುವುಗಳಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ ಅಂತ ಅವರೇ ಹೇಳಿದರು, ಗ್ರಾಫಿನಲ್ಲಿ ಇದ್ದದ್ದೂ ಅದೇ. ಟ್ರೇಲಿಗಷ್ಟೇ ಆಗಿದ್ದರೆ ಕಂಪನಿಯ ಪೈಪೇ ಸಾಕಿತ್ತು ಅನ್ನುವುದು ನನ್ನ ಅಭಿಪ್ರಾಯ, ಅವರು ಒಪ್ಪುವುದಿಲ್ಲ.

ಬೆಟ್ಟದ ಪ್ರವಾಸಕ್ಕೆ ಬೇರೆ ಏರ್ಪಾಡು ಬೇಕಾಯಿತು. ಪ್ರತಿ 1000 ಅಡಿಗೆ ಟರ್ಬೊ ಇಲ್ಲದ ಇಂಜಿನ್ ಸುಮಾರು ಶೇಕಡ 3ರಷ್ಟು ಪವರ್ ಕಳೆದುಕೊಳ್ಳುತ್ತದೆ. 9000 ಅಡಿ ತಲುಪುವಷ್ಟರಲ್ಲಿ ಕಾಲು ಭಾಗಕ್ಕೂ ಹೆಚ್ಚು ಪವರ್ ಹೋಗಿರುತ್ತದೆ. ಟ್ರೇಲಿಗೆ ಹಾಕಿದ ಭಾರದ ವೆಯ್ಟುಗಳನ್ನು ಅಲ್ಲಿ ಹಾಗೇ ಬಿಟ್ಟರೆ ಆರ್‌ಪಿಎಂ ಪೈಪಿನ ಪಟ್ಟಿಗಿಂತ ಕೆಳಗೆ ಬಿದ್ದು ಗಾಡಿ ಹಿಮದಲ್ಲಿ ಹೂತುಕೊಳ್ಳುತ್ತದೆ. ಈಗ ಅವರ ಹತ್ತಿರ ಎರಡು ಸೆಟ್ ವೆಯ್ಟುಗಳಿವೆ. ಎತ್ತರ ಬರೆದ ಟೇಪ್ ಅಂಟಿಸಿ ಟೂಲ್ ಬ್ಯಾಗಿನಲ್ಲಿ ಇಟ್ಟಿದ್ದಾರೆ. ಸೀಸನ್ ಮುಗಿದ ಮೇಲೆ ಪೈಪ್ ಬಿಚ್ಚಿ ನೋಡಿದಾಗ ವೆಲ್ಡುಗಳೆಲ್ಲ ಗಟ್ಟಿಯಾಗಿದ್ದವು, ಬ್ರಾಕೆಟ್ ಸುತ್ತ ಮಸಿ ಇರಲಿಲ್ಲ. ಒಂದು ಸ್ಪ್ರಿಂಗ್ ಮಾತ್ರ ಜಗ್ಗಿತ್ತು, ಅದನ್ನು ಬದಲಾಯಿಸಿದೆವು.